ಬೆಳಗಿನ ಗುಡ್ ನೈಟ್

‘ನೈಟ್’ ಎಂಬ ಇಂಗ್ಲಿಷ್ ಪದದ ನಿಜವಾದ ಅರ್ಥ ನನಗೆ ತಿಳಿದದ್ದು ಮದುವೆಯಾದ ಮೇಲೆ. ನಗಬೇಡಿ, ನನ್ನ ಹೆಂಡತಿ ಶೋಭಾ ನರ್ಸು. ನಾನು ಆಳಂದದಲ್ಲಿ ಇಂಗ್ಲಿಷ್ ಮಾಸ್ತರ ಎಂಬುದನ್ನು ಮಾತ್ರ ದಯವಿಟ್ಟು ಯಾರಿಗೂ ಹೇಳಬೇಡಿ.

ನಮ್ಮಲ್ಲಿ ರಾತ್ರಿಯಿದೆ, ಇರುಳಿದೆ; ಪಕ್ಕದ ಓಣಿಯ ಉರ್ದುವಿನಲ್ಲಿ ರಾತ್ ಇದೆ. ಆದರೂ ಈ ನೈಟ್ ಬಂದು ಕಾಲು ಚಾಚಿ ಕೂತುಬಿಟ್ಟಿದೆ. ಅಫಜಲಪುರದ ಕಡೆಗೆ ನೈಟ್ ಬಸ್ಸು, ಹೊಲದ ಪಂಪಿಗೆ ನೈಟ್ ಕರೆಂಟು, ದವಾಖಾನೆಯಲ್ಲಿ ನೈಟ್ ಡ್ಯೂಟಿ. ಮಲಗುವವರಿಗೆ ರಾತ್ರಿ, ಎದ್ದಿರುವವರಿಗೆ ನೈಟ್ ಎಂದು ನಾನೊಂದು ವ್ಯಾಖ್ಯಾನ ಮಾಡಿಕೊಂಡಿದ್ದೇನೆ.

ಶೋಭಾಳ ನೈಟ್ ಮುಗಿಯುವುದು ಬೆಳಗ್ಗೆ. ಮನೆಗೆ ಬಂದು ಕಿಟಕಿ ಮುಚ್ಚಿ, “ಗುಡ್ ನೈಟ್ ರೀ” ಎಂದು ಕೌದಿ ಹೊದ್ದುಕೊಳ್ಳುತ್ತಾಳೆ. ಸಂದಿನಿಂದ ಇಳಿದ ಬಿಸಿಲಿನಲ್ಲಿ ಧೂಳಿನ ಕಣಗಳು ಮೆಲ್ಲಗೆ ತೇಲುತ್ತವೆ. ಆ ಅರೆಗತ್ತಲಲ್ಲಿ ಅವಳ ಪಕ್ಕ ಕೂತರೆ ಇದು ಯಾವ ಹೊತ್ತು, ನಾನು ಎದ್ದಿದ್ದೇನೋ ಇಲ್ಲವೋ ಎಂಬುದೇ ಮರೆತುಹೋಗುತ್ತದೆ.

ಆದರೆ ಅದೇ ಹೊತ್ತಿಗೆ ಓಣಿಯ ಮನೆಮನೆಯಲ್ಲೂ ಜೋಳದ ರೊಟ್ಟಿ ಬಡಿಯುವ ಸದ್ದು ಏಳುತ್ತಿತ್ತು. ನಮಗದು ಹಸಿವು ಎಬ್ಬಿಸುವ ತಾಳ. ಅವಳಿಗೆ ತಲೆಯ ಮೇಲೇ ಬಡಿದಂತೆ. ಒಂದು ದಿನ ಕೆಂಗಣ್ಣು ಬಿಟ್ಟು ಎದ್ದು ಕೂತಳು.

“ನಿದ್ದಿ ಇಲ್ದ ಸೂಜಿ ಹಿಡದ್ರ ಕೈ ನಡಗ್ತಾವ್ರಿ. ಈ ನೌಕ್ರೀನೇ ಬಿಟ್ಟುಬಿಡ್ತೇನಿ.”

ತವರಿನಲ್ಲಿ ಹಟ ಹಿಡಿದು ಕಲಿತ ಕೆಲಸ ಅದು. ಆದರೂ ರೊಟ್ಟಿ ಬಡಿಯಬೇಡಿ ಎಂದು ಊರಿಗೆ ಯಾವ ಬಾಯಲ್ಲಿ ಹೇಳುವುದು? ಆದರೆ ಪಕ್ಕದ ಮನೆಯ ಮುದುಕಿ ಕಾಶಿಬಾಯಿಗೂ ನಮಗೂ ನಡುವೆ ಇರುವುದು ಒಂದೇ ಗೋಡೆ.

ಮರುದಿನ ಬೆಳಗ್ಗೆ ಸದ್ದೇ ಇಲ್ಲ. ರೊಟ್ಟಿಯ ಸದ್ದಿಲ್ಲದ ಮನೆಯೆಂದರೆ ನಮ್ಮಲ್ಲಿ ಸಾವಿನ ಮನೆ. ಗಾಬರಿಯಾಗಿ ಹೊರಗೆ ಓಡಿದೆ. ಕಾಶಿಬಾಯಿ ಕಟ್ಟೆಯ ಮೇಲೆ ಕೂತು, ಬಾಯಲ್ಲಿ ಉಳಿದಿರುವ ನಾಲ್ಕು ಹಲ್ಲಿಗಾಗಿ ಖಡಕ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸುತ್ತಿದ್ದಳು.

“ಎಲ್ಲಾರೂ ನಿನ್ನಿ ಸಂಜಿಗೇ ಬಡದು ಒಣಗಿಸೇವ್ರಿ ಮಾಸ್ತರ. ಖಡಕ್ ರೊಟ್ಟಿ ಏನ್ ಕೆಡಂಗಿಲ್ಲ.”

ಬಿಸಿ ರೊಟ್ಟಿಯಲ್ಲದೆ ಬೇರೆ ಮುಟ್ಟದ ಮುದುಕಿ ಅವಳು. ಅಷ್ಟರಲ್ಲಿ ಕಾಯಿಪಲ್ಲೆಯ ಗಾಡಿಯವನು ಕೂಗುತ್ತ ಬಂದ. ಮುದುಕಿ ದಡಬಡಿಸಿ ಎದ್ದು ಕೈ ಅಡ್ಡ ಹಿಡಿದಳು.

“ಒದರಬ್ಯಾಡಲೇ! ನಮ್ಮ ಓಣ್ಯಾಗ ಇನ್ನಾ ರಾತ್ರಿ ಐತಿ.”

ಅವನು ತಲೆಯೆತ್ತಿ ಉರಿಯುವ ಸೂರ್ಯನನ್ನು ನೋಡಿದ. ಮುಚ್ಚಿದ ನಮ್ಮ ಕಿಟಕಿಯನ್ನು ನೋಡಿದ. ಆಮೇಲೆ ಪಿಸುದನಿಯಲ್ಲಿ ಬದನೆಕಾಯಿಯ ಧಾರಣೆ ಹೇಳಿದ.