ಸೇತುವೆಯ ಮೇಲೆ ಐದು ನಿಮಿಷ

ಬೆಳಗಿನ ಐದೂಕಾಲು. ಮಿಸಿಸಿಪಿಯ ಹತ್ತಿ ಹೊಲಗಳ ನಡುವಿನ ಸಣ್ಣ ಸೇತುವೆಯ ಮೇಲೆ ವರ್ಲೀನ್ ಗ್ಯಾದಿಂಗ್ಸ್ ವ್ಯಾನ್ ನಿಲ್ಲಿಸುತ್ತಾರೆ. ಹಿಂದೆ ಕುಳಿತ ನಾಲ್ವರು ಡಯಾಲಿಸಿಸ್ ರೋಗಿಗಳು ವರ್ಲೀನ್ ನೋಡಲೆಂದು ತಮ್ಮ ಫೋನುಗಳನ್ನು ಮುಂದಕ್ಕೆ ದಾಟಿಸುತ್ತಾರೆ. ಊರು ಬಿಟ್ಟರೆ ಮೂವತ್ತೇಳು ಮೈಲಿಯ ಈ ದಾರಿಯಲ್ಲಿ ಸಿಗ್ನಲ್ ಸಿಗುವುದು ಇಲ್ಲಿ ಮಾತ್ರ. ಸಿಗ್ನಲ್ ಇಲ್ಲದ ಹೊತ್ತಿನಲ್ಲಿ ಕಿಡ್ನಿ ಸಿಕ್ಕಿದೆಯೆಂದು ಆಸ್ಪತ್ರೆಯಿಂದ ಕರೆ ಬಂದಿದ್ದರೆ ಈಗ ಗೊತ್ತಾಗಬೇಕು.

"ಈ ಐದು ನಿಮಿಷ ಜೀವ ಬಾಯಿಗೆ ಬಂದಿರುತ್ತೆ," ಎನ್ನುತ್ತಾರೆ ವರ್ಲೀನ್. "ಕರೆ ಬಂದಿಲ್ಲ ಅಂದ್ರೆ ಬೇಜಾರು. ಬಂದು ಹೋಗಿದ್ರೆ?"

ಐವತ್ತೆಂಟರ ವರ್ಲೀನ್ ಹತ್ತೊಂಬತ್ತು ವರ್ಷಗಳಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್ ಕೇಂದ್ರಕ್ಕೆ ಈ ಓಡಾಟ ನಡೆಸುತ್ತಿದ್ದಾರೆ. ರೋಗಿಗಳೆಲ್ಲ ಅವರಂತೆಯೇ ಕಪ್ಪು ಜನ. ಕಿಡ್ನಿ ಕಸಿ ಮಾಡುವ ಆಸ್ಪತ್ರೆ ಎರಡೂವರೆ ಗಂಟೆ ದೂರ. ಕಿಡ್ನಿ ಸಿಕ್ಕಿದೆ ಎಂಬ ಕರೆ ಬಂದರೆ ಒಂದು ಗಂಟೆಯೊಳಗೆ ಒಪ್ಪಿಗೆ ಹೇಳಬೇಕು, ಇಲ್ಲವಾದರೆ ಅದು ಪಟ್ಟಿಯಲ್ಲಿರುವ ಮುಂದಿನವರಿಗೆ.

ಈ ನಾಲ್ವರಲ್ಲೊಬ್ಬರಾದ, ಮೀನಿನ ಕಾರ್ಖಾನೆಯಲ್ಲಿ ದುಡಿದ ಕ್ಲಿಯೋಥಾ ಸಗ್ಸ್ ಆ ಪಟ್ಟಿ ಸೇರಿದ್ದೇ ತಡವಾಗಿ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ ರಕ್ತಪರೀಕ್ಷೆಯಲ್ಲಿ ಕಪ್ಪು ಜನರಿಗೆ ಆಗ ಬೇರೆಯೇ ಲೆಕ್ಕವಿತ್ತು. ಅದರಿಂದ ಅವರ ಕೆಟ್ಟ ಕಿಡ್ನಿಯೂ ಕಾಗದದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ಆ ಲೆಕ್ಕ ತೆಗೆದುಹಾಕಿದ ಮೇಲೆ ಸಗ್ಸ್ ಅವರಿಗೆ ಕಳೆದುಹೋದ ಮೂರು ವರ್ಷ ಕಾದ ಕಾಲದ ಲೆಕ್ಕಕ್ಕೆ ವಾಪಸ್ ಸಿಕ್ಕಿತು, ಪಟ್ಟಿಯಲ್ಲಿ ಮೇಲೆ ಬಂದರು, ಕರೆಯೂ ಬಂತು.

ಅವರು ಎತ್ತಲಿಲ್ಲ. ಗೊತ್ತಿಲ್ಲದ ನಂಬರ್ ಎಂದರೆ ಏನೋ ಮಾರುವವರು, ಇಲ್ಲವೇ ಸಾಲ ಕೇಳಿ ಹೆದರಿಸುವವರು. ಈ ಕಡೆ ಯಾರೂ ಎತ್ತುವುದಿಲ್ಲ. "ಜಗಲೀಲಿ ಅಲಸಂದೆ ಸುಲೀತಾ ಕೂತಿದ್ದೆ," ಎನ್ನುತ್ತಾರೆ ಸಗ್ಸ್. "ಮೂರು ಸಲ ಹೊಡ್ಕೊಳ್ತು. ಫೋನ್ ತಿರುವಿ ಹಾಕ್ದೆ."

ಅಂದಿನಿಂದ ನಾಲ್ವರ ಕಡತದಲ್ಲೂ ಎರಡನೆಯ ನಂಬರ್ ವರ್ಲೀನ್ ಅವರದು. ಸ್ನಾನಕ್ಕೆ ಹೋದರೂ ಫೋನು ಪ್ಲಾಸ್ಟಿಕ್ ಚೀಲದಲ್ಲಿ ಜೊತೆಗೆ. ಚರ್ಚಿನಲ್ಲಿ ಹಾಡುವಾಗ ನಿಲುವಂಗಿಯೊಳಗೆ. ಸಗ್ಸ್ ಅವರ ಹೃದಯ ಸೋಲುತ್ತಿದೆ, ಇನ್ನೊಂದು ವರ್ಷ ಕಳೆದರೆ ಅದು ಶಸ್ತ್ರಚಿಕಿತ್ಸೆ ತಡೆಯಲಾರದು ಎಂದು ವೈದ್ಯರು ಹೇಳಿದಾಗಿನಿಂದ ವರ್ಲೀನ್ ಅವರಿಗೆ ನಿದ್ದೆಯೂ ಅಷ್ಟಕ್ಕಷ್ಟೆ.

ಡಯಾಲಿಸಿಸ್ ಮುಗಿಸಿ ಮರಳುವಾಗ ಸೇತುವೆಯ ಮೇಲೆ ವರ್ಲೀನ್ ಅವರ ಫೋನೇ ಹೊಡೆದುಕೊಳ್ಳುತ್ತದೆ. ಗೊತ್ತಿಲ್ಲದ ನಂಬರ್. ಅವರು ತಕ್ಷಣ ಎತ್ತುವುದನ್ನು ನಾನು ಪಕ್ಕದಲ್ಲೇ ಕುಳಿತು ನೋಡುತ್ತೇನೆ. ಆ ಕಡೆ ಯಾರೋ ಚಾವಣಿ ರಿಪೇರಿಗೆ ಗಿರಾಕಿ ಹುಡುಕುವವನು.

"ಅವನ ಹತ್ರ ಕಿಡ್ನಿ ಇದೆಯಾ ಕೇಳ್ಬೇಕಿತ್ತು, ಮಿಸ್ ವರ್ಲೀನ್," ಎನ್ನುತ್ತಾರೆ ಸಗ್ಸ್. ಎಲ್ಲರೂ ನಗುತ್ತಾರೆ, ಆದರೆ ನಗು ಬಹಳ ಹೊತ್ತು ಉಳಿಯುವುದಿಲ್ಲ.

ಎಲ್ಲರನ್ನೂ ಇಳಿಸಿದ ಮೇಲೆ ವರ್ಲೀನ್ ಅವರ ಆಸೆಯೇನೆಂದು ಕೇಳುತ್ತೇನೆ. ಇಷ್ಟು ವರ್ಷಗಳಲ್ಲಿ ಈ ವ್ಯಾನಿನಲ್ಲಿ ಹನ್ನೊಂದು ಸೀಟು ಖಾಲಿಯಾಗಿವೆಯಂತೆ. ಹನ್ನೊಂದು ಸಲವೂ ಅವರು ಅಂತ್ಯಕ್ರಿಯೆಗೆ ಹೋಗಿ ಬಂದಿದ್ದಾರೆ.

"ಒಂದಿನ ಮಿಸ್ಟರ್ ಕ್ಲಿಯೋಥಾ ಮನೆ ಮುಂದೆ ಹಾರ್ನ್ ಹೊಡೀಬೇಕು," ಎನ್ನುತ್ತಾರೆ. "ಅವರು ಬಾಗಿಲಿಗೆ ಬಂದು, 'ನನಗಿನ್ನೇನಮ್ಮ ಕೆಲಸ ಡಯಾಲಿಸಿಸ್‌ನಲ್ಲಿ, ನಿದ್ದೆ ಕೆಡಿಸ್ಬೇಡ ಹೋಗು' ಅಂತ ಬೈಬೇಕು. ಅಷ್ಟೇ."