ಕೆಂಪು ಕಾರು ಮತ್ತು ಮೂರು ಚೊಂಬು ನೀರು

ನನ್ನ ಚಿಕ್ಕಪ್ಪನಿಗೆ ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರಿನ ಮೇಲೆ ಮನಸ್ಸಾದಾಗ ನಾನು ಎರಡನೇ ಪಿಯುಸಿಯಲ್ಲಿದ್ದೆ. ನಮ್ಮೂರಿನಿಂದ ಶಿಕಾರಿಪುರದವರೆಗೆ ಕಾರಿನ ವಿಷಯದಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಹಾಗೆಂದು ಎಲ್ಲರಿಗೂ ಹೇಳಿದ್ದವಳು ನಾನೇ. ಅದರ ಹಿಂದಿನ ವರ್ಷ ನಮ್ಮ ಟ್ರ್ಯಾಕ್ಟರ್ ಹೊಲದಲ್ಲಿ ನಿಂತುಬಿಟ್ಟಾಗ ಬ್ಯಾಟರಿಯ ತಂತಿ ಸಡಿಲಾಗಿದ್ದನ್ನು ನಾನು ಸ್ಪ್ಯಾನರ್ ಹಿಡಿದು ಬಿಗಿ ಮಾಡಿದ್ದೆ. ಈ ಸುದ್ದಿ ನನ್ನ ಬಾಯಿಂದ ಹೊರಟು ಕಾಲೇಜು ಮುಟ್ಟುವಷ್ಟರಲ್ಲಿ ಇಂಜಿನ್ ಬಿಚ್ಚಿ ಜೋಡಿಸಿದ್ದಾಗಿತ್ತು. ಮಧ್ಯಾಹ್ನದ ಬೆಲ್ ಹೊಡೆಯುವ ವೇಳೆಗೆ ಜೋಡಿಸಿದ ಮೇಲೆ ಎರಡು ನಟ್ಟು ಉಳಿದಿದ್ದವು, ಅವಿಲ್ಲದೆ ಟ್ರ್ಯಾಕ್ಟರ್ ಮೊದಲಿಗಿಂತ ಜೋರಾಗಿ ಓಡುತ್ತಿತ್ತು. ಉಳಿದದ್ದೆಲ್ಲ ಫೋನಿನಲ್ಲಿ ವಿಡಿಯೋ ನೋಡಿ ಕಲಿತದ್ದು.

ಚಿಕ್ಕಪ್ಪ ಹನ್ನೆರಡನೇ ವಯಸ್ಸಿನಿಂದ ಕುರಿಗಳ ಹಿಂದೆ ನಡೆದವನು. ತಾಳಗುಂದದ ಸುತ್ತಿನ ಹೊಲಗಳಲ್ಲಿ ಮೆಕ್ಕೆಜೋಳ ಮುರಿದ ಮೇಲೆ ಅವನ ಹಿಂಡು ಇಳಿಯುತ್ತಿತ್ತು. ಕುರಿ ನಿಂತರೆ ಅವನೂ ನಿಲ್ಲಬೇಕು, ಕುರಿ ಹೊರಟರೆ ಬಾಯಲ್ಲಿನ ರೊಟ್ಟಿ ನುಂಗಿಕೊಂಡು ಹೊರಡಬೇಕು. ನಲವತ್ತು ದಾಟಿದ ಮೇಲೆ ಒಂದು ದಿನ ಫೋನಿನಲ್ಲಿ ಸೊರಬದ ಯಾರೋ ಮಾರಾಟಕ್ಕಿಟ್ಟ ಕೆಂಪು ಕಾರಿನ ಫೋಟೋ ತೋರಿಸಿ ನನ್ನೊಬ್ಬಳಿಗೇ ಹೇಳಿದ್ದ. "ನಾ ಒತ್ತಿದ್ರೆ ಓಡಬೇಕು, ನಾ ಬಿಟ್ರೆ ನಿಲ್ಲಬೇಕು. ಒಮ್ಮೆಯಾರ ಹಂಗಿರಬೇಕಲೇ."

ಅದಕ್ಕಾಗಿ ಅವನು ಹಿಂಡಿನ ಅರ್ಧ, ಅಂದರೆ ನಲವತ್ತು ಕುರಿ ಬಿಟ್ಟುಕೊಡಲು ತಯಾರಾಗಿದ್ದ. ಕುರಿ ವ್ಯಾಪಾರಿ ಸೋಮವಾರ ಅವನ್ನು ಒಯ್ಯಲು ಗಾಡಿ ತರುತ್ತೇನೆಂದು ಹೇಳಿಯೂ ಆಗಿತ್ತು. ಮನೆಯಲ್ಲಿ ಎಲ್ಲರೂ ಸೆರಗಿನಲ್ಲಿ, ಟವಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅಮ್ಮ ಮಾತ್ರ, "ಎಲ್ಡೇ ಸೀಟಂತೆ, ಒಂದ್ರಾಗೆ ನೀನು, ಒಂದ್ರಾಗೆ ಟಗರು ಕೂತ್ಕಳ್ರಿ" ಎಂದು ಎದುರಿಗೇ ಹೇಳಿದಳು. ನಾನು ನಗಲಿಲ್ಲ. ಆ ಎರಡನೇ ಸೀಟಿನಿಂದ ಕಾಲೇಜಿನ ಗೇಟಿನ ಮುಂದೆ, ಗಾಳಿಗೆ ಕೂದಲು ಕೆದರಿ, ಏನೂ ಆಗಿಲ್ಲವೆಂಬಂತೆ ಇಳಿಯುವವಳು ಯಾರು ಎಂಬುದು ನನ್ನ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು. ಹಳೆಯ ಬ್ಯಾಗು ಆ ಕಾರಿಗೆ ಒಪ್ಪುವುದಿಲ್ಲವೆಂಬ ಚಿಂತೆಯೂ ಶುರುವಾಗಿತ್ತು.

ಭಾನುವಾರ ಬೆಳಿಗ್ಗೆ ನಾವಿಬ್ಬರೇ ಸೊರಬದ ಬಸ್ಸು ಹತ್ತಿದೆವು. ಶಿರಾಳಕೊಪ್ಪ ದಾಟಿದ ಮೇಲೆ ಚಿಕ್ಕಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದ.

"ನೋಡು, ಕುರಿ ಯಾಪಾರದಾಗೆ ಒಂದು ರೀತಿ ಐತಿ. ಮಾರೋರ ಎದುರಿಗೆ ಮಾಲು ಹೊಗಳಂಗಿಲ್ಲ, ಹಳೀಯಂಗೂ ಇಲ್ಲ. ಅವ್ರು ಸಾಕಿರ್ತಾರೆ, ಮನಸ್ಸಿಗೆ ನೋವಾಗ್ತತಿ. ನಿಂಗೆ ಕಾರು ಸರಿ ಕಾಣ್ಲಿಲ್ಲ ಅಂದ್ರೆ, 'ಒಂಚೂರು ನೀರು ಕೊಡ್ರಿ' ಅನ್ನು. ನಂಗೆ ತಿಳೀತತಿ. ಎದ್ದು ಬರಾನ."

"ಸರಿ ಇದ್ರೆ?"

"ಸುಮ್ನಿರು. ನಿಂಗೆ ಅದೇ ಕಷ್ಟ ನೋಡು."

ನಂತರ ಕಿಟಕಿಯಾಚೆ ನೋಡುತ್ತಲೇ, "ನೀ ಹೂಂ ಅಂದ್ರೆ ತಗಂತೀನಿ, ಊಹೂಂ ಅಂದ್ರೆ ಬಿಡ್ತೀನಿ" ಎಂದ. ಅಷ್ಟು ದೊಡ್ಡ ಮಾತನ್ನು ಅಷ್ಟು ಸಲೀಸಾಗಿ ನನ್ನ ಕೈಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ನಾನು ಮುಖವನ್ನು ಇಂಜಿನಿಯರ್ ಥರ ಮಾಡಿಕೊಂಡೆ.

ಕಾರಿನ ಯಜಮಾನರು ಬೋರ್‌ವೆಲ್ ಲಾರಿ ಇಟ್ಟವರು. ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ನಾವು ಗೇಟು ತೆಗೆದಿದ್ದೇ ತಡ, "ಬನ್ನಿ ಬನ್ನಿ, ಬಿಸ್ಲಲ್ಲಿ ಬಂದೀರಿ, ಕೂತ್ಕಳಿ" ಎಂದು ಕುರ್ಚಿ ಎಳೆದರು. ನಾವು ಕೂರುವ ಮೊದಲೇ ಅವರ ಮನೆಯವರು ತಟ್ಟೆಯಲ್ಲಿ ಬೆಲ್ಲ, ಎರಡು ಲೋಟ ನೀರು ತಂದಿಟ್ಟರು. ಚಿಕ್ಕಪ್ಪ ಬೆಚ್ಚಿ ನನ್ನತ್ತ ನೋಡಿದ. ನಾನು ಕೇಳಿದ್ದಲ್ಲ ಎಂದು ಕಣ್ಣಲ್ಲೇ ಹೇಳಿದೆ. ನಮ್ಮ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಮೊದಲು ಬರುವುದು ನೀರು ಎಂಬುದು, ಆ ಗುಟ್ಟಿನ ಸಂಕೇತ ಕಟ್ಟಿದ ಇಬ್ಬರು ಬುದ್ಧಿವಂತರಿಗೂ ಹೊಳೆದಿರಲಿಲ್ಲ.

ಶೆಡ್ಡಿನಲ್ಲಿ ಹೊದಿಕೆ ಎಳೆದಾಗ ಕಾರು ಕಂಡಿತು. ಅಷ್ಟು ಕೆಂಪನ್ನು ನಾನು ಮೆಣಸಿನಕಾಯಿಯಲ್ಲಿಯೂ ನೋಡಿರಲಿಲ್ಲ. ನೆಲಕ್ಕೆ ಎಷ್ಟು ಅಂಟಿಕೊಂಡಿತ್ತೆಂದರೆ ಅದರ ಕೆಳಗೆ ಒಂದು ಇರುವೆ ಹೋಗಬೇಕಾದರೂ ತಲೆಯ ಮೇಲಿನ ಸಕ್ಕರೆ ಕೆಳಗಿಟ್ಟು ಹೋಗಬೇಕಿತ್ತು.

ಚಿಕ್ಕಪ್ಪ ಕುರಿ ಕೊಳ್ಳುವಾಗ ಉಣ್ಣೆಯೊಳಗೆ ಬೆರಳಿಟ್ಟು ಬೆನ್ನುಮೂಳೆಯ ಉದ್ದಕ್ಕೂ ಒತ್ತಿ ನೋಡುತ್ತಾನೆ. ಮಾಂಸ ಎಷ್ಟಿದೆ, ನೀರು ಕುಡಿಸಿ ಹೊಟ್ಟೆ ಉಬ್ಬಿಸಿದ್ದಾರೋ, ಎಲ್ಲ ಅವನ ಬೆರಳಿಗೆ ತಿಳಿಯುತ್ತದೆ. ಈಗಲೂ ಕೈ ಅದೇ ಅಭ್ಯಾಸದಲ್ಲಿ ಕಾರಿನ ಬೆನ್ನ ಮೇಲೆ ಹೋಯಿತು. ಆದರೆ ಅದು ಒತ್ತಲಿಲ್ಲ, ಸುಮ್ಮನೆ ಸವರಿತು. ಕುರಿ ಈದ ದಿನ ಮರಿಯನ್ನು ಹಾಗೆ ಸವರುವುದನ್ನು ನೋಡಿದ್ದೆ, ವ್ಯಾಪಾರದಲ್ಲಿ ನೋಡಿರಲಿಲ್ಲ.

"ಎಷ್ಟು ಹಲ್ಲಿಂದು ಇದು?" ಎಂದು ಕೇಳಿಬಿಟ್ಟು, "ಅಲ್ಲ, ಎಷ್ಟು ವರ್ಷದ್ದು?" ಎಂದು ತಿದ್ದಿಕೊಂಡ.

"ಹತ್ತಾತು. ಆದ್ರೆ ಎಂತ ಹೇಳ್ಲಿ, ಡಾಂಬರ್ ಬಿಟ್ಟು ಕೆಳಗೆ ಇಳಿದ ಗಾಡಿ ಅಲ್ಲ ಇದು" ಎಂದರು ಯಜಮಾನರು. ನಾನು ಬಾನೆಟ್ಟಿನೊಳಗೆ ತಲೆ ಹಾಕಿದ್ದನ್ನು ನೋಡಿ, "ಹುಡುಗಿ ಎಂತ ಓದ್ತಾ ಇದಾಳೆ?" ಎಂದು ಕೇಳಿದರು.

"ಸೈನ್ಸು" ಎಂದ ಚಿಕ್ಕಪ್ಪ, ಕಣ್ಣು ಮಿಟುಕಿಸದೆ. ನಾನು ಓದುತ್ತಿದ್ದದ್ದು ಇತಿಹಾಸ, ಅರ್ಥಶಾಸ್ತ್ರ. ನನ್ನ ಗುಣ ಮನೆತನದ್ದೇ ಎಂದು ಅವತ್ತು ಗೊತ್ತಾಯಿತು.

ನಾನು ಆಯಿಲ್ ಕಡ್ಡಿ ಎಳೆದು ಮೂಸಿದೆ. ಟೈರಿಗೆ ಬೆರಳಲ್ಲಿ ಹೊಡೆದು ಕಿವಿಯಿಟ್ಟು ಕೇಳಿದೆ. ಅದರಿಂದ ಏನು ತಿಳಿಯುತ್ತದೆಂದು ಇವತ್ತಿಗೂ ನನಗೆ ಗೊತ್ತಿಲ್ಲ, ಆದರೆ ಕೇಳಿದ ಮೇಲೆ "ಹೂಂ..." ಎಂದು ಎಳೆದದ್ದಕ್ಕೆ ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು. ಬಂದ ಕೆಲಸ ಮುಗಿಯಿತು, ಸುಮ್ಮನಿದ್ದರೆ ಸಾಕು, ಕಾರು ನಮ್ಮದು. ಹಾಗೆಂದುಕೊಂಡೇ, ಇನ್ನೊಂದಿಷ್ಟು ಠೀವಿಗಾಗಿ, ಫೋನಿನ ಟಾರ್ಚ್ ಹಚ್ಚಿ ವಿಡಿಯೋ ಒತ್ತಿ ಕಾರಿನ ಕೆಳಗೆ ತೂರಿಸಿ ತೆಗೆದೆ.

ಮೇಲೆ ಹತ್ತು ವರ್ಷದ ಕಾರಿಗೆ ಹೊಟ್ಟೆ ಮಾತ್ರ ಹತ್ತು ದಿನದ್ದಾಗಿತ್ತು. ತಳದ ತುಂಬ ಹೊಸ ಕಪ್ಪು ಬಣ್ಣ. ವಿಡಿಯೋಗಳಲ್ಲಿ ಇದೊಂದನ್ನು ಎಲ್ಲರೂ ಹೇಳುತ್ತಾರೆ, ತಳಕ್ಕೆ ಯಾಕೆ ಬಣ್ಣ ಬಳಿದಿದ್ದಾರೆಂದು ಕೇಳಿಕೊಳ್ಳಿ ಎಂದು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮುಂದಿನ ಚಕ್ರದ ಹಿಂದೆ ಕೈ ಹಾಕಿದೆ. ಬ್ರೇಕಿನ ಎಣ್ಣೆ ಹೋಗುವ ರಬ್ಬರ್ ಪೈಪು ಬೆರಳಿಗೆ ಸಿಕ್ಕಿತು. ಒಂದು ಕಡೆ ಕರಗಿ ಗಟ್ಟಿಯಾಗಿತ್ತು, ಅದರ ಮೇಲೆ ಟೇಪು ಸುತ್ತಿದ್ದರು. ಅಲ್ಲೇ ಪಕ್ಕದಲ್ಲಿ ಹಗ್ಗದ ಹಾಗೆ ಬಿಗಿದುಕೊಂಡಿದ್ದ ಏನೋ ಒಂದನ್ನು ಎಳೆದೆ. ಕೈಗೆ ಬಂದದ್ದು ಸುಟ್ಟು ಕಪ್ಪಾದ ಬಳ್ಳಿ. ಉಜ್ಜಿದರೆ ಒಣಗಿದ ಒಂದು ಕಾಯಿ ಬಿರಿಯಿತು. ಹುರುಳಿ.

ಅದನ್ನು ಗುರುತಿಸಲು ವಿಡಿಯೋ ಬೇಕಿರಲಿಲ್ಲ. ಸುಗ್ಗಿಯಲ್ಲಿ ನಾವೇ ಹುರುಳಿಯನ್ನು ರಸ್ತೆಯ ಮೇಲೆ ಹರಡಿ, ಬಸ್ಸು ಲಾರಿಗಳು ಹಾದು ಕಾಳು ಬಿಡಿಸಲೆಂದು ಪಕ್ಕದಲ್ಲಿ ಕೂತಿರುತ್ತೇವೆ. ದೊಡ್ಡ ಗಾಡಿಗಳಿಗೆ ಅದೊಂದು ಲೆಕ್ಕವಲ್ಲ. ತಗ್ಗಾದ ಕಾರು ಬಂದರೆ ಬಳ್ಳಿ ತಳಕ್ಕೆ ಸುತ್ತಿಕೊಂಡು, ಸೈಲೆನ್ಸರಿನ ಬಿಸಿಗೆ ಹೊತ್ತಿಕೊಳ್ಳುತ್ತದೆ. ಡಾಂಬರ್ ಬಿಟ್ಟು ಇಳಿದಿಲ್ಲ ಎಂದು ಯಜಮಾನರು ಹೇಳಿದ್ದು ಖಂಡಿತ ನಿಜ. ಅನಾಹುತ ಆಗಿದ್ದೇ ಡಾಂಬರಿನ ಮೇಲೆ.

ಬಳ್ಳಿಯನ್ನು ಮುಷ್ಟಿಯಲ್ಲಿ ಹಿಡಿದು ಎದ್ದೆ. ಚಿಕ್ಕಪ್ಪ ಆಗಲೇ ಒಳಗೆ ಕೂತಿದ್ದ. ಆ ಕಾರಿನಲ್ಲಿ ಕೂರುವುದೆಂದರೆ ಮಲಗಿದಂತೆಯೇ. ಅವನ ಮೊಣಕಾಲುಗಳು ಎದೆಯ ಹತ್ತಿರವಿದ್ದವು, ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು, ಕಣ್ಣು ಮುಚ್ಚಿತ್ತು.

"ಒಂಚೂರು ನೀರು ಕೊಡ್ರಿ" ಎಂದೆ.

ಅವರ ಮನೆಯವರು ಚೊಂಬು ತಂದರು. ಚಿಕ್ಕಪ್ಪ ಕಣ್ಣು ತೆರೆಯಲಿಲ್ಲ. ಕುಡಿದು ಮುಗಿಸಿ ಇನ್ನೊಮ್ಮೆ ಜೋರಾಗಿ ಕೇಳಿದೆ. ಎರಡನೇ ಚೊಂಬು ಬಂತು. ಚಿಕ್ಕಪ್ಪ ಒಳಗಿನಿಂದ, "ಈ ಗುಂಡಿ ಯಾತಕ್ರೀ?" ಎಂದು ಯಜಮಾನರನ್ನು ಕೇಳುತ್ತಿದ್ದ. ಮೂರನೇ ಸಲ ಕೇಳಿದಾಗ ಆ ತಾಯಿ ನನ್ನ ಹಣೆ ಮುಟ್ಟಿ ನೋಡಿ, "ಪಾಪ, ಕೂಸಿಗೆ ಸಕ್ಕರೆ ಕಾಯಿಲೆ ಎಂತಾರೂ ಇದೆಯಾ ಮಾರಾಯ್ರೆ? ಈ ವಯಸ್ಸಿಗೇ!" ಎಂದರು. ನನ್ನ ಹೊಟ್ಟೆಯೊಳಗೆ ಅಂಜನಾಪುರದ ಕೆರೆ ಕೋಡಿ ಬೀಳುವ ಹಾಗಿತ್ತು.

"ಹಾದಿಯಾಗೆ ಚುರುಮುರಿ ತಿಂದಾಳೆ, ಅದಕ್ಕೇ" ಎಂದ ಚಿಕ್ಕಪ್ಪ. ನಾವು ಚುರುಮುರಿ ತಿಂದಿರಲಿಲ್ಲ.

ಕಿಟಕಿಯ ಹತ್ತಿರ ಹೋಗಿ ತಳದ ವಿಡಿಯೋ ತೋರಿಸಲು ಫೋನು ಚಾಚಿದೆ. "ಬಿಸ್ಲಾಗೆ ಏನೂ ಕಾಣಂಗಿಲ್ಲ, ಬಿಡು" ಎಂದು ಅತ್ತ ತಿರುಗಿದ. ನಾವಿದ್ದದ್ದು ಶೆಡ್ಡಿನ ನೆರಳಿನಲ್ಲಿ. ಯಜಮಾನರು, "ಒಂದು ರೌಂಡ್ ಹೋಗ್ಬನ್ನಿ" ಎಂದು ಕೀ ಕೊಟ್ಟರು. ಅವನು ಇಂಜಿನ್ ಚಾಲೂ ಮಾಡಿದ. ಆ ಸದ್ದಿಗೆ ಅವನ ಮುಖ ಅರಳಿತು.

ಬೇರೆ ದಿನವಾಗಿದ್ದರೆ ಕಾರು ಹೊತ್ತಿ ಉರಿಯುವುದನ್ನು, ನಾವಿಬ್ಬರೂ ಹಾರಿ ಪಾರಾಗುವುದನ್ನು ಹೇಗೆಲ್ಲ ಬಣ್ಣಿಸುತ್ತಿದ್ದೆನೋ. ಅವತ್ತು ಕಿಟಕಿಯೊಳಗೆ ಕೈ ಹಾಕಿ ಸ್ಟಿಯರಿಂಗ್ ಹಿಡಿದುಕೊಂಡೆ. "ಚಿಕ್ಕಪ್ಪ, ಬ್ರೇಕಿನ ಪೈಪು ಸುಟ್ಟೈತಿ. ಮೇಲೆ ಟೇಪ್ ಸುತ್ತ್ಯಾರೆ. ಹೋಗಬ್ಯಾಡ."

ಮಾರುವವರ ಎದುರಿಗೇ ಹೇಳಿಬಿಟ್ಟಿದ್ದೆ. ಚಿಕ್ಕಪ್ಪ ಇಂಜಿನ್ ಆಫ್ ಮಾಡಿದ.

"ಎಂತ ಮಾತು ಅದು?" ಎಂದರು ಯಜಮಾನರು. ನಾನು ಮುಷ್ಟಿ ಬಿಚ್ಚಿದೆ. ಅವರು ಬಳ್ಳಿಯನ್ನು ನೋಡಿದರು, ಬಿಳಿ ಅಂಗಿಯಲ್ಲೇ ಮಂಡಿಯೂರಿ ಚಕ್ರದ ಹಿಂದೆ ನೋಡಿದರು. ಎದ್ದಾಗ ಮುಖದಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು. "ನಾ ತಗಂಡು ಎಂಟು ತಿಂಗ್ಳಾತು ಅಷ್ಟೆ. ಶೆಡ್ಡಿಂದ ಹೊರಗೆ ತೆಗೆದಿದ್ದೇ ಕಮ್ಮಿ, ಬಗ್ಗಿ ನೋಡಿದೋನೇ ಅಲ್ಲ. ನಂಗೆ ಮಾರಿದೋರೇ ತಳಕ್ಕೆ ಬಣ್ಣ ಬಳ್ದು ಮುಚ್ಚಿರ್ಬೇಕು, ದೇವ್ರಾಣೆ" ಎಂದವರು, ತಡೆದು, "ಅಲ್ಲ, ನಿಮ್ಮ ಕಡೆಯೋರೇ ಅಲ್ದಾ ರೋಡ್ ತುಂಬ ಹುರುಳಿ ಹರಡೋದು?" ಎಂದರು.

ನಾವಿಬ್ಬರೂ ನೆಲ ನೋಡಿದೆವು. ಶಿರಾಳಕೊಪ್ಪದ ದಾರಿಯಲ್ಲಿ ನಮ್ಮದೂ ಒಂದು ಹಾಸು ಬೀಳುತ್ತದೆ. ಅದು ನಮ್ಮ ಹುರುಳಿಯೇ ಆಗಿದ್ದರೂ ಆಗಿರಬಹುದು. ದೂರದಿಂದ ಕಾರು ಬರುವುದು ಕಂಡರೆ ನಾನು ಎದ್ದು ಚಪ್ಪಾಳೆ ಹೊಡೆಯುತ್ತಿದ್ದವಳು. ಹಾದು ಹೋದ ಮೇಲೆ ಆ ಕಾರಿಗೆ ಏನಾಯಿತೆಂದು ಒಂದು ದಿನವೂ ಯೋಚಿಸಿರಲಿಲ್ಲ.

"ಪೈಪ್ ತಾನೆ, ಹೊಸದು ಹಾಕ್ಸಿ ಕೊಡ್ತೀನಿ" ಎಂದರು ಯಜಮಾನರು.

ಆಗ ಚಿಕ್ಕಪ್ಪ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಹೊಸ ಪೈಪ್ ಹಾಕಿದ್ರೆ ಆಗ್ತತಿ ಅಲ್ಲೇನಲೇ?"

ಹೂಂ ಎಂದರೆ ಸಾಕಿತ್ತು. ಅವನಿಗೂ ಅದೇ ಬೇಕಿತ್ತು, ಕಾಲೇಜಿನ ಗೇಟಿಗಾಗಿ ನನಗೂ. ಯಾವ ವಿಷಯ ಕೇಳಿದರೂ ಉತ್ತರ ಇರುತ್ತಿದ್ದ ಬಾಯಿ ನನ್ನದು. ಆ ಕಪ್ಪು ಬಣ್ಣದ ಕೆಳಗೆ ಇನ್ನೆಷ್ಟು ತಂತಿ ಸುಟ್ಟಿವೆಯೋ, ಇನ್ನೇನು ಕರಗಿದೆಯೋ.

"ನಂಗೊತ್ತಿಲ್ಲ, ಚಿಕ್ಕಪ್ಪ" ಎಂದೆ.

ಅವನು ನಿಧಾನವಾಗಿ ಇಳಿದ. ಇಳಿಯಲು ನನ್ನ ಕೈ ಹಿಡಿಯಬೇಕಾಯಿತು. ಯಜಮಾನರ ಕೈಗೆ ಕೀ ಇಟ್ಟು, "ಕಂಡಿದ್ದಕ್ಕೆ ಹೆದರಂಗಿಲ್ರೀ ನಾನು. ಬಣ್ಣ ಬಳ್ದು ಮುಚ್ಚಿದ್ದಕ್ಕೆ ಹೆದರ್ತೀನಿ. ತಪ್ಪು ತಿಳೀಬ್ಯಾಡ್ರಿ" ಎಂದ. ಆ ಮನೆಯವರು ನಮ್ಮನ್ನು ಊಟ ಮಾಡದೆ ಬಿಡಲಿಲ್ಲ. ಅದಕ್ಕೂ ಮೊದಲು ನಾನು ಅವರ ಹಿತ್ತಲಿಗೆ ಓಡಿದ್ದನ್ನು ಬರೆಯಬೇಕಾಗಿಲ್ಲ.

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಪ್ಪ ಕುರಿ ವ್ಯಾಪಾರಿಗೆ ಫೋನು ಮಾಡಿದ. "ಸೋಮವಾರ ಬರಬ್ಯಾಡ... ಇಲ್ಲ, ಒಂದೂ ಕೊಡಂಗಿಲ್ಲ... ಬೈಕೋ ಮಾರಾಯ, ಬೈಕೋ." ಆ ಕಡೆಯಿಂದ ಬಂದದ್ದನ್ನೆಲ್ಲ ಕೇಳಿಸಿಕೊಂಡು, ಫೋನು ಜೇಬಿಗೆ ಹಾಕಿಕೊಂಡ. ಬಸ್ಸು ಊರು ದಾಟಿದ ಮೇಲೆ ನನ್ನ ಕಡೆ ಬಗ್ಗಿದ.

"ಮೊದ್ಲನೇ ಚೊಂಬಿಗೇ ತಿಳ್ದಿತ್ತು ನಂಗೆ."

"ಮತ್ತೆ ಮೂರು ಚೊಂಬು ಕುಡಿಸ್ದೆ?"

"ಇನ್ನೊಂಚೂರು ಕೂರಬೇಕು ಅನ್ನಿಸ್ತು."

ಬಸ್ಸು ಎಲ್ಲೋ ಹಾಲಿನ ಕ್ಯಾನು ಹತ್ತಿಸಿಕೊಳ್ಳಲು ನಿಂತಿತು.

"ತಗಂಡಿದ್ರೆ ಈಗ ಎಲ್ಲಿರ್ತಿದ್ವಿ?" ಎಂದು ಕೇಳಿದ. "ಹೇಳಲೇ. ಕಾಲೇಜಿನಾಗೆ ಹೇಳ್ತೀಯಲ್ಲ, ಹಂಗೇ ಹೇಳು. ಕಡಿಮಿ ಮಾಡಬ್ಯಾಡ."

ನಾನು ಹೇಳತೊಡಗಿದೆ. ಸೊರಬದ ಸರ್ಕಲ್ಲಿನಲ್ಲಿ ನಮ್ಮನ್ನು ನೋಡಿ ಪೊಲೀಸರು ಸೆಲ್ಯೂಟ್ ಹೊಡೆದರು. ತಿರುವಿನಲ್ಲಿ ಹಿಂದೆ ಹಾಕಿದ ಬಸ್ಸು ಇದೇ ಬಸ್ಸು, ಒಳಗೆ ಕೂತವರೆಲ್ಲ ಕಿಟಕಿಗೆ ಬಂದರು. ಬಳ್ಳಿಗಾವಿಯ ಕಡೆ ಹೊರಳುವ ದಾರಿ ಬಂದದ್ದೇ ಕಾಣಲಿಲ್ಲ, ಅಷ್ಟು ಜೋರು. ಚಿಕ್ಕಪ್ಪ ಸೀಟಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ. ಕಂಡಕ್ಟರ್ ಇನ್ನೊಂದು ಸ್ಟಾಪಿಗೆ ಸೀಟಿ ಊದಿದ, ಹುಲ್ಲಿನ ಹೊರೆಯೊಂದು ಬಾಗಿಲಲ್ಲಿ ಸಿಕ್ಕಿಕೊಂಡಿತು, ಇಳಿಸುವವರು, ಹತ್ತುವವರು ಜಗಳವಾಡಿದರು.

"ಬ್ರೇಕ್ ಹಿಡೀತೇನಲೇ?" ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದ.

"ನೀ ಬಿಟ್ಟ ಕೂಡ್ಲೇ ನಿಲ್ತು" ಎಂದೆ.