ದೀಪಾಲೆ ಕಂಬದ ಹುಣಸೆಹಣ್ಣು

ಸವಿತಾ, ನೀನು ಕದ್ದು ಕಡ್ಡಿಪುಡಿ ಹಾಕುತ್ತೀಯ ಎಂದು ಅತ್ತೆಯ ಕಿವಿಯಲ್ಲಿ ಊದಿದವಳು ನಾನು. ಬೇರೆ ಯಾರೂ ಅಲ್ಲ, ಒಂದೇ ಒಲೆಯಲ್ಲಿ ಅಡುಗೆ ಮಾಡುವ ನಿನ್ನ ವಾರಗಿತ್ತಿ.

ಅರಸೀಕೆರೆ ಕಡೆಯಿಂದ ನಮ್ಮ ಹಳೇಬೀಡಿನ ಮನೆಗೆ ನೀನು ಬಂದಾಗ ನಿನ್ನ ಹಲ್ಲಿನ ಮೇಲೆ ಕಂದು ಕಲೆಗಳಿದ್ದವು. ನಮ್ಮೂರ ಬೋರಿನ ನೀರಿನದು ಅಂದಿದ್ದೆ ನೀನು. ನಾನು ನಂಬಲಿಲ್ಲ — ಯಾವುದನ್ನು ತಾನೇ ಒಂದೇ ಸಲಕ್ಕೆ ನಂಬಿದ್ದೇನೆ? ಹಾಲಿನವನು ಅಳೆದ ಹಾಲನ್ನೂ ಮತ್ತೆ ಅಳೆದು ನೋಡುವವಳು ನಾನು. ಆದರೂ ಒಂದು ಗುರುವಾರ ಸಂಜೆ ದೇವರ ಮನೆಯ ಹಿತ್ತಾಳೆ ದೀಪಾಲೆ ಕಂಬ ತಿಕ್ಕಿ ಬೆಳಗುತ್ತ ಕೂತಾಗ ಬುದ್ಧಿ ಹೇಳಿದೆ: "ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ರೆ ಹಿತ್ತಾಳೇನೇ ಹೊಳೀತೈತೆ ಕಣೇ. ಹಲ್ಲಿಗೂ ಅದನ್ನೇ ಹಾಕು."

ನೀನು ದಿನಾ ಹಾಕಿದೆ. ಮೊದಮೊದಲು ಹೊಳೆದವು. ಆಮೇಲೆ ಹಳದಿಗೆ ತಿರುಗಿದವು. ತಣ್ಣೀರು ಕುಡಿದರೆ ಮುಖ ಹಿಂಡುತ್ತಿದ್ದೆ, ನಗುವಾಗ ಸೆರಗು ಅಡ್ಡ ಹಿಡಿಯುತ್ತಿದ್ದೆ. ಏನನ್ನೋ ಮುಚ್ಚಿಡುತ್ತಿದ್ದಾಳೆ — ನನಗೆ ಅನ್ನಿಸಿದ್ದು ಅಷ್ಟೇ. ನಿನ್ನ ದಿಂಬಿನ ಕೆಳಗೆ ತಡಕಿದೆ. ಹಿತ್ತಲಲ್ಲಿ ನೀನು ಬಾಯಿ ಮುಕ್ಕಳಿಸಿದ ಜಾಗ ನೋಡಿ ಬಂದೆ. ಏನೂ ಸಿಗಲಿಲ್ಲ. ಸಿಗದ್ದರಿಂದಲೇ ಅನುಮಾನ ಬಲಿಯಿತು, ಅತ್ತೆಗೆ ಹೇಳಿದೆ. "ಹೊಗೆಸೊಪ್ಪಿನ ಬಾಯೋಳು ನೀನು, ದೇವರ ಮನೆಗೆ ಕಾಲಿಡಬೇಡ" ಅಂದುಬಿಟ್ಟರು ಅವರು.

ನೋವು ತಡೆಯಲಾಗದಾದಾಗ ನಿನ್ನನ್ನು ಬೇಲೂರಿನ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರ ಬಾಯಿಂದಲೇ ನಿನ್ನ ಗುಟ್ಟು ಹೊರಬೀಳಲಿ ಎಂಬ ಆಸೆ ನನಗೆ — ಹೇಳಲು ನಾಚಿಕೆ. ಏನು ಹಾಕಿ ಉಜ್ಜುತ್ತೀಯ ಎಂದು ನಿನ್ನನ್ನು ಕೇಳಿ ತಿಳಿದುಕೊಂಡು ಅವರು ಅಂದರು: "ಇದು ತಂಬಾಕಿಂದಲ್ಲಮ್ಮ. ಹುಳಿ ಹಚ್ಚಿ ಬೂದೀಲಿ ತಿಕ್ಕಿದ್ರೆ ಮೇಲಿನ ಎನಾಮಲ್ ಸವೆದು ಒಳಗಿನ ಹಳದಿ ಕಾಣುತ್ತೆ. ಸವೆದಿದ್ದು ಮತ್ತೆ ಬೆಳೆಯಲ್ಲ. ಯಾರು ಹೇಳ್ಕೊಟ್ರು ಇದನ್ನ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸೆರಗು ಸರಿಮಾಡಿಕೊಂಡೆ. ನೀನು ನನ್ನ ಕಡೆ ನೋಡಿದೆ.

"ನಾನೇ ಮಾಡ್ಕೊಂಡೆ ಡಾಕ್ಟ್ರೇ" ಅಂದೆ ನೀನು.

ಬಸ್ಸಿನಲ್ಲಿ ಬರುವಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಯಾಕೆ ನನ್ನನ್ನು ಉಳಿಸಿದಳು, ಮುಂದೆ ಏನು ಕೇಳುತ್ತಾಳೋ — ಆಗಲೂ ಅನುಮಾನಿಸಿದ್ದು ನಿನ್ನನ್ನೇ. ನೀನು ಏನೂ ಕೇಳಲಿಲ್ಲ. ಅತ್ತೆಗೂ ಏನೂ ಹೇಳಲಿಲ್ಲ. ವರ್ಷಗಳೇ ಕಳೆದವು. ಇಂದಿಗೂ ಅಂಗಳದಲ್ಲಿ ಕೂತು ಕಂಬ ಬೆಳಗುವವಳು ನೀನು, ಶುಕ್ರವಾರ ದೇವರ ಮನೆಯೊಳಗೆ ಬತ್ತಿ ಹಚ್ಚುವವಳು ನಾನು.

ನಾಳೆ ಶುಕ್ರವಾರ. ಬೆಂಕಿಪೊಟ್ಟಣ ಮುಟ್ಟುವ ಮೊದಲು ಅತ್ತೆಗೆ ಎಲ್ಲ ಹೇಳುತ್ತೇನೆ. ನಿನ್ನ ಹಲ್ಲು ಸವೆದದ್ದು ಸವೆಯಿತು, ಅದನ್ನು ತಂದುಕೊಡಲಾರೆ. ಆಮೇಲೆ ನೀನು ದೇವರ ಮನೆಯೊಳಗೆ ಬರುತ್ತೀಯೋ ಇಲ್ಲವೋ — ಬಾ ಎಂದು ಕರೆಯುವ ಬಾಯಿ ನನಗಿಲ್ಲ.